ಯಾವ ಮಿಷಿನ್ನಲ್ಲಿ ಉಜ್ಜಿದ್ದು?

ಮೊನ್ನೆ ಅಕ್ಕಿ ಡಬ್ಬದ ತಳದಲ್ಲಿ ಒಂದು ಉಪ್ಪುಕಾಗದದ ತುಂಡು ಸಿಕ್ಕಿತು. ಮರ ಉಜ್ಜುವ ಕಾಗದ, ನಿಮಗೆ ಗೊತ್ತಿರುತ್ತದೆ, ಗೋಡೆಗೆ ಬಣ್ಣ ಹೊಡೆಯುವವರ ಹತ್ತಿರವೂ ಇರುತ್ತದೆ. ಅದು ಅಕ್ಕಿ ಡಬ್ಬಕ್ಕೆ ಹೇಗೆ ಹೋಯಿತು ಎಂದು ಕೇಳಬೇಡಿ. ನಮ್ಮ ಮನೆಯಲ್ಲಿ ಅದು ಹೋಗದ ಜಾಗವಿಲ್ಲ. ಹಾಸಿಗೆಯ ಕೆಳಗೆ ಇರುತ್ತದೆ, ದೇವರ ಗೂಡಿನಲ್ಲಿ ಇರುತ್ತದೆ, ನನ್ನ ಸೊಂಟದ ಗಂಟಿನಲ್ಲಂತೂ ಇದ್ದೇ ಇರುತ್ತದೆ. ಒಂದು ಸಲ ಸಾರಿನಲ್ಲಿ ಬಿದ್ದಿತ್ತು. ನಮ್ಮ ಯಜಮಾನರು ಕರಿಬೇವು ಎಂದುಕೊಂಡು ತುಂಬ ಹೊತ್ತು ಅಗಿದರು. ನಾನು ಹೇಳಲಿಲ್ಲ.

ಆ ತುಂಡು ಕೈಗೆ ಸಿಕ್ಕ ಕೂಡಲೇ ನನಗೆ ಸಿಟ್ಟು ಬಂತು. ಬಂದ ಸಿಟ್ಟನ್ನು ಯಾರ ಮೇಲಾದರೂ ತೀರಿಸಬೇಕಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಓದು ಮೂರನೇ ಕ್ಲಾಸು. ಒತ್ತು, ದೀರ್ಘ ಆಚೀಚೆ ಆದರೆ ನೀವೇ ಸರಿಮಾಡಿಕೊಂಡು ಓದಿ.

ನಮ್ಮದು ಮರಗೆಲಸದ ಮನೆ. ಅಬ್ಬಿಗೆರೆಯಲ್ಲಿ ಮನೆ, ಮನೆಗೆ ಅಂಟಿಕೊಂಡೇ ತಗಡಿನ ಶೆಡ್ಡು. ಯಜಮಾನರನ್ನು ಊರೆಲ್ಲ ಆಚಾರ್ರು ಎನ್ನುತ್ತದೆ. ಮಗ ಶೇಖರನೂ ಅವರ ಜೊತೆಗೇ ಕೆಲಸ ಮಾಡುತ್ತಾನೆ. ಮಣೆ, ತೊಟ್ಟಿಲು, ದೇವರ ಮಂಟಪ ಮಾಡುತ್ತಾರೆ. ಮಾಡುತ್ತಾರೆ ಎಂದು ಬರೆದೆ ನೋಡಿ, ನನಗೂ ಅದೇ ಅಭ್ಯಾಸ. ಅವರು ಕೊಯ್ಯುತ್ತಾರೆ, ಕೆತ್ತುತ್ತಾರೆ, ಜೋಡಿಸುತ್ತಾರೆ. ಆಮೇಲೆ ತಂದು ನನ್ನ ಮುಂದೆ ಇಡುತ್ತಾರೆ. ಉಜ್ಜುವುದು ನಾನು. ಕೊಳ್ಳಲು ಬಂದವರು ಮಂಟಪ ನೋಡುವ ಮೊದಲು ಅದರ ಮೇಲೆ ಅಂಗೈ ಆಡಿಸುತ್ತಾರೆ. "ಎಷ್ಟ್ ನುಣ್ಣಗಿದೆ ಆಚಾರ್ರೇ, ಯಾವ ಮಿಷಿನ್ನಲ್ಲಿ ಉಜ್ಜಿದ್ದು?" ಎಂದು ಕೇಳುತ್ತಾರೆ. ಯಜಮಾನರು ಮೀಸೆಯ ಮೇಲಿನ ಹೊಟ್ಟು ಒರೆಸಿಕೊಂಡು "ಎಲ್ಲಾ ನಮ್ ಶೆಡ್ಡಲ್ಲೇ ಆಗೋದು" ಎನ್ನುತ್ತಾರೆ.

ಶೆಡ್ಡಿನಲ್ಲಿ ಉಜ್ಜುವ ಮಿಷಿನ್ನು ಇರಲಿಲ್ಲ. ನಾನಿದ್ದೆ. ನಲವತ್ತೈದು ವರ್ಷ.

ನಾನು ಹುಟ್ಟಿದ್ದೂ ಇಂಥದೇ ಮನೆಯಲ್ಲಿ, ಸಿಂಗಾಪುರದಲ್ಲಿ. ವಿಮಾನ ಹತ್ತಿ ಹೋಗುವ ಸಿಂಗಾಪುರವಲ್ಲ, ವಿದ್ಯಾರಣ್ಯಪುರದ ಪಕ್ಕದ್ದು. ಆಗ ಅದು ಹಳ್ಳಿ. ನಮ್ಮಪ್ಪ ನನ್ನ ಅಣ್ಣಂದಿರ ಕೈಗೆ ಉಳಿ ಕೊಟ್ಟರು. ನನ್ನ ಕೈಗೆ ಎಲೆ ಕೊಟ್ಟರು. ಕೆರೆ ಏರಿಯ ಮೇಲೆ ಗರಗತ್ತಿ ಮರವಿತ್ತು, ಅದರ ಎಲೆ ಹಸುವಿನ ನಾಲಿಗೆಯ ಹಾಗೆ ಒರಟು. ಉಪ್ಪುಕಾಗದ ಉಳಿಸಲು ಮೊದಲು ಆ ಎಲೆಯಲ್ಲಿ ಉಜ್ಜಿಸುತ್ತಿದ್ದರು. ಉಜ್ಜಿ ಮುಗಿಯಿತು ಎಂದು ನಾನು ಎದ್ದರೆ ಅಪ್ಪ ದೀಪದ ಬತ್ತಿಗೆ ಇಟ್ಟ ಹತ್ತಿಯಲ್ಲಿ ಒಂದು ಚೂರು ಕಿತ್ತುಕೊಂಡು ಬರುತ್ತಿದ್ದರು. ಹಲಗೆಯ ಮೇಲೆ ಅದನ್ನು ಮೆಲ್ಲಗೆ ಎಳೆಯುತ್ತಿದ್ದರು. ಎಲ್ಲಾದರೂ ಒಂದು ಎಳೆ ಸಿಕ್ಕಿಕೊಂಡರೆ ಮುಗಿಯಿತು. "ಹತ್ತಿ ಹಿಡೀತು. ಇನ್ನೊಂದ್ ಸಲ." ಅಷ್ಟೇ ಮಾತು. ಅಣ್ಣಂದಿರು ಜೋಡಿಸಿದ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದಿ ಇದ್ದರೂ ಅವರಿಗೆ "ಪರವಾಗಿಲ್ಲ, ಕಲೀತಾನೆ" ಎನ್ನುತ್ತಿದ್ದರು. ನಾನು ಕಲಿಯುವುದು ಏನೂ ಇಲ್ಲ ಎಂದು ಅವರ ಲೆಕ್ಕ. ಉಜ್ಜುವುದನ್ನು ಯಾರಾದರೂ ಕಲಿಯುತ್ತಾರೆಯೇ?

ಉಜ್ಜಿ ಉಜ್ಜಿ ನನ್ನ ಬೆರಳಿನ ಗೆರೆಗಳೇ ಹೋದವು. ರೇಷನ್ ಅಂಗಡಿಯಲ್ಲಿ ಬೆರಳು ಒತ್ತುವ ಡಬ್ಬ ಇಟ್ಟರಲ್ಲ, ಅದು ನನ್ನನ್ನು ಒಪ್ಪುವುದೇ ಇಲ್ಲ. ಒತ್ತಿದರೆ ಕೀಂ ಎನ್ನುತ್ತದೆ. ಅಂಗಡಿಯವನು ನನ್ನ ಹೆಬ್ಬೆರಳನ್ನು ಹಿಡಿದು ಬೆಳಕಿಗೆ ತಿರುಗಿಸಿ, "ಅಜ್ಜಿ, ಇದ್ರಲ್ಲಿ ಏನೂ ಇಲ್ವಲ್ಲ" ಎಂದ. ಓದು ಬರದವರು ಹೆಬ್ಬೆಟ್ಟು ಒತ್ತುತ್ತಾರೆ. ನನಗೆ ಒತ್ತಲು ಹೆಬ್ಬೆಟ್ಟೂ ಉಳಿಯಲಿಲ್ಲ. ಅದಕ್ಕೇ ಹಟ ಹಿಡಿದು, ಮರೆತ ಅಕ್ಷರವನ್ನು ಮೊಮ್ಮಗಳ ಸ್ಲೇಟಿನಲ್ಲಿ ಮತ್ತೆ ತಿದ್ದಿದೆ. ಈಗ ನೀವು ಇದನ್ನು ಓದಬೇಕಾಗಿ ಬಂದಿರುವುದಕ್ಕೂ ಆ ಉಪ್ಪುಕಾಗದವೇ ಕಾರಣ.

ಕೈಗೆ ಇನ್ನೊಂದು ಕೆಟ್ಟ ಚಾಳಿ ಅಂಟಿತು. ಮರ ಕಂಡರೆ ಸವರುತ್ತದೆ. ಶೇಖರನಿಗೆ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ಕಾಫಿ ತಂದಳು, ಎಲ್ಲರೂ ಹುಡುಗಿಯ ಮುಖ ನೋಡುತ್ತಿದ್ದಾರೆ. ನಾನು ಟೀಪಾಯಿಯ ಅಂಚು ಸವರಿ, "ಇದನ್ನ ಅರ್ಧಂಬರ್ಧ ಉಜ್ಜಿದಾರೆ" ಎಂದುಬಿಟ್ಟೆ. ಅದನ್ನು ಮಾಡಿದವರು ಹುಡುಗಿಯ ಸೋದರಮಾವನಂತೆ, ಎದುರಿಗೇ ಕೂತಿದ್ದರು. ಸಂಬಂಧ ಹೇಗೋ ಕುದುರಿತು. ಆ ಸೋದರಮಾವ ಇವತ್ತಿಗೂ ನಮ್ಮ ಮನೆಯಲ್ಲಿ ನೀರು ಮುಟ್ಟುವುದಿಲ್ಲ. ಟೀಪಾಯಿ ಮಾತ್ರ ಇನ್ನೂ ಹಾಗೆಯೇ ಇದೆ.

ಇರಲಿ. ಕಳೆದ ತಿಂಗಳು ನನ್ನ ಬಲಗೈ ಹೆಬ್ಬೆರಳು ಸೋತಿತು. ಸೌಟು ಹಿಡಿದರೆ ಜಾರುತ್ತಿತ್ತು. ಡಾಕ್ಟರಮ್ಮ ಎಕ್ಸರೇ ತೆಗೆಸಿ ನೋಡಿ, "ಬುಡದ ಕೀಲು ಸವೆದ್ಹೋಗಿದೆ ಅಜ್ಜಿ. ಇನ್ನೂ ಉಜ್ತಾ ಕೂತ್ರೆ ಅನ್ನ ಕಲಸೋಕೂ ಬರಲ್ಲ ಈ ಬೆರಳು. ಇವತ್ತಿಗೇ ನಿಲ್ಸಿ" ಎಂದರು. ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ತಲೆ ಕೆರೆದುಕೊಂಡರು. ಆಮೇಲೆ ಕೇಳಿದರು:

"ಅಂಗಾದ್ರೆ ಮಣೆ ಯಾರು ಉಜ್ಜೋದು?"

ಬೆರಳು ನೋಯುತ್ತದೆಯಾ ಎಂದಲ್ಲ. ಡಾಕ್ಟರು ಮಾತ್ರೆ ಕೊಟ್ಟರಾ ಎಂದಲ್ಲ. ಆವತ್ತಿನ ಸಿಟ್ಟು ಇನ್ನೂ ನನ್ನ ಹೊಟ್ಟೆಯಲ್ಲಿ ಹಾಗೇ ಇದೆ.

ಶೇಖರ, "ಡ್ರಮ್ ಸ್ಯಾಂಡರ್ ತಗೊಳ್ಳೋಣಪ್ಪ" ಎಂದ. ಹೆಸರು ದೊಡ್ಡದು. ಫೋನಿನಲ್ಲಿ ತೋರಿಸಿದ, ನೋಡಿದರೆ ಒಂದು ದೊಡ್ಡ ಲಟ್ಟಣಿಗೆ. ಅದರ ಮೈಗೆಲ್ಲ ಉಪ್ಪುಕಾಗದ ಸುತ್ತಿರುತ್ತದೆ. ಅದು ಗಿರಗಿರ ತಿರುಗುತ್ತದೆ, ಕೆಳಗೆ ಒಂದು ಪಟ್ಟಿ ಹಲಗೆಯನ್ನು ಒಳಗೆ ತಳ್ಳುತ್ತದೆ, ಆ ಕಡೆಯಿಂದ ಹಲಗೆ ನುಣ್ಣಗಾಗಿ ಬರುತ್ತದೆ. ಅಪ್ಪ ಮಗ ಒಂದು ವಾರ ಫೋನಿನೊಳಗೆ ತಲೆ ಇಟ್ಟು ಕೂತರು. ಎಷ್ಟು ಇಂಚು, ಎಷ್ಟು ಕುದುರೆ ಬಲ, ಯಾವ ದೇಶದ್ದು. ನನ್ನನ್ನು ಒಂದು ಮಾತು ಕೇಳಲಿಲ್ಲ. ನಮ್ಮ ಕೆಲಸವೆಲ್ಲ ಹೆಚ್ಚಾಗಿ ಹಲಸಿನ ಮರದಲ್ಲಿ, ಅದಕ್ಕೇ ನಾನೇ ಅಡುಗೆಮನೆಯಿಂದ ಕೇಳಿದೆ.

"ಹಲಸಿಗೆ ಆಗುತ್ತಾ ಅದು?"

"ಸುಮ್ನಿರಮ್ಮ, ಮಿಷಿನ್ನಿಗೆ ಹಲಸು ತೇಗ ಅಂತ ಗೊತ್ತಾಗುತ್ತಾ?"

"ಉಜ್ಜೋದು ತಾನೆ. ಅದ್ರಲ್ಲೇನೈತೆ" ಎಂದರು ಯಜಮಾನರು.

ಅದರಲ್ಲೇನಿದೆ ಎಂದು ನನಗೆ ಗೊತ್ತು. ಹಿಂದೆ ಒಂದು ಸಲ ಇವರೇ ಹೋಗಿ ಕೈಯಲ್ಲಿ ಹಿಡಿದು ಉಜ್ಜುವ ಒಂದು ಪುಟ್ಟ ಮಿಷಿನ್ನು ತಂದಿದ್ದರು. ಅದು ಮಂಟಪದ ಮೈಮೇಲೆಲ್ಲ ಬಳೆಬಳೆಯಾಗಿ ಗೀರು ಹಾಕಿತು, ಮಾರನೇ ದಿನವೇ ವಾಪಸ್ಸು ಕೊಟ್ಟು ಬಂದರು. ಆ ಗೀರು ತೆಗೆಯಲು ಎರಡು ದಿನ ಉಜ್ಜಿದ್ದು ಯಾರು? ಮಿಷಿನ್ನು ಮಾಡಿದ ತಪ್ಪೆಲ್ಲ ಕೊನೆಗೆ ನನ್ನ ಕೈಗೇ ಬರುತ್ತದೆ. ಈ ಸಲವೂ ಇವರು ತಪ್ಪು ಮಿಷಿನ್ನು ತಂದರೆ ನನ್ನ ಹೆಬ್ಬೆರಳಿನ ಕಥೆ ಮುಗಿಯಿತು. ಅದಕ್ಕೇ, "ನಾನೂ ಬರ್ತೀನಿ" ಎಂದೆ. "ನಿಂಗೇನ್ ಗೊತ್ತಾಗುತ್ತೆ ಅಲ್ಲಿ?" ಎಂದರು. ಸೀರೆ ಬದಲಾಯಿಸಿ ಅವರಿಗಿಂತ ಮೊದಲೇ ಆಟೋದಲ್ಲಿ ಕೂತೆ. ತೊಡೆಯ ಮೇಲೆ ಹಳೇ ದುಪ್ಪಟಿಯಲ್ಲಿ ಸುತ್ತಿದ ಗಂಟು.

"ಏನಜ್ಜಿ ಅದು, ದೇವ್ರಾ?" ಎಂದು ಆಟೋದವನು ಕೇಳಿದ.

"ಹಲಗೆ ಕಣಪ್ಪ. ನೋಡ್ಕೊಂಡ್ ಓಡ್ಸು."

ಯಶವಂತಪುರದ ಆ ಅಂಗಡಿಯಲ್ಲಿ ಮಿಷಿನ್ನು ತೋರಿಸುವ ಹುಡುಗ ಶೇಖರನಿಗೆ ಸರ್ ಎಂದ, ಯಜಮಾನರಿಗೆ ಅಂಕಲ್ ಎಂದ. ನನಗೆ, "ಅಜ್ಜಿ, ನೀವು ಫ್ಯಾನ್ ಕೆಳಗೆ ಕೂತ್ಕೊಳಿ" ಎಂದ. ನಾನು ಕೂರಲಿಲ್ಲ. ಮೊದಲು ಒಂದು ದೊಡ್ಡ ಮಿಷಿನ್ನು ತೋರಿಸಿದ. ಅದರ ಹಣೆಯ ಮೇಲೆ ಕೆಂಪು ಅಂಕಿ ಮಿನುಗುತ್ತಿತ್ತು. ಯಾವುದೋ ಬಿಳೀ ಮೆತ್ತನೆ ಹಲಗೆ ಹಾಕಿದ. ಅದು ಬೆಣ್ಣೆಯ ಹಾಗೆ ಹೊರಗೆ ಬಂತು. ಯಜಮಾನರು ಚಪ್ಪಾಳೆ ತಟ್ಟುವುದೊಂದು ಬಾಕಿ. ನಾನು ದುಪ್ಪಟಿ ಬಿಚ್ಚಿದೆ.

"ಅದು ಬೇಡ ಅಜ್ಜಿ, ತೋರ್ಸೋಕೆ ನಮ್ದೇ ಪೀಸ್ ಇದೆ."

"ನಿಮ್ಮ ಪೀಸ್ನ ನಾವು ಮಾರಲ್ಲಪ್ಪ. ಇದನ್ನ ಹಾಕು."

ಹಲಸಿನ ಹಲಗೆ ಒಳಗೆ ಹೋಯಿತು. ಅರ್ಧ ದಾರಿಯಲ್ಲೇ ಸುಟ್ಟ ವಾಸನೆ. ಹೊರಗೆ ಬಂದಾಗ ಮೈಮೇಲೆ ಉದ್ದಕ್ಕೆ ಒಂದು ಕರೀ ಬರೆ. ಕಾಗದದ ಮೇಲೆ ಅಂಟು ಮೆತ್ತಿಕೊಂಡು ಗಟ್ಟಿಯಾಗಿತ್ತು.

"ನಿಮ್ ಮರದಲ್ಲೇ ಅಂಟಿದೆ ಅಜ್ಜಿ."

"ಹಲಸಿನಲ್ಲಿ ಅಂಟಿರದೆ ಅತ್ತರಿರುತ್ತಾ? ಪಟ್ಟಿ ಇನ್ನೂ ನಿಧಾನಕ್ಕೆ ಓಡುತ್ತಾ ಇದ್ರಲ್ಲಿ?"

ಓಡುವುದಿಲ್ಲವಂತೆ. ಅದೂ ಅಲ್ಲದೆ ಅದಕ್ಕೆ ಮೂರು ಫೇಸಿನ ಕರೆಂಟು ಬೇಕು. ನಮ್ಮ ಶೆಡ್ಡಿಗೆ ಬರುವುದು ಮನೆಯ ಕರೆಂಟು, ಮಿಕ್ಸಿ ಹಾಕಿದರೆ ದೀಪ ಮಂಕಾಗುತ್ತದೆ. ಇದನ್ನು ಅಪ್ಪ ಮಗ ಒಂದು ವಾರ ಫೋನು ನೋಡಿಯೂ ಕೇಳಿರಲಿಲ್ಲ.

ಎರಡನೆಯದು ಒಂದು ಪಕ್ಕ ಬಾಯಿ ತೆರೆದುಕೊಂಡಿತ್ತು. ಅಗಲದ ಹಲಗೆಯನ್ನು ಒಂದು ಸಲ ಅರ್ಧ, ತಿರುಗಿಸಿ ಇನ್ನರ್ಧ ಉಜ್ಜಬಹುದು. ಯಜಮಾನರಿಗೆ ಅದು ತುಂಬ ಹಿಡಿಸಿತು. "ಮಂಟಪದ ಹಿಂದಿನ ಹಲಗೆ ಪೂರ್ತಿ ಹಿಡಿಯುತ್ತೆ" ಎಂದು ಅದರ ಬೆನ್ನು ತಟ್ಟಿದರು. ಹಲಗೆ ಹಾಕಿದರು, ತಿರುಗಿಸಿ ಹಾಕಿದರು. ನೋಡಲು ಚೆನ್ನಾಗಿಯೇ ಇತ್ತು. ನಾನು ಸೊಂಟದ ಗಂಟಿನಿಂದ ಹತ್ತಿ ತೆಗೆದು ಮೇಲೆ ಎಳೆದೆ. ಸರಿಯಾಗಿ ನಡುವೆ ಬಂದಾಗ ಹತ್ತಿ ನಿಂತಿತು. ಎರಡು ಅರ್ಧ ಸೇರುವ ಕಡೆ ಕೂದಲೆಳೆಯಷ್ಟು ಮೆಟ್ಟಿಲಿತ್ತು. ಅಂಗಡಿಯ ಹುಡುಗ ಫೋನಿನ ಬೆಳಕು ಬಿಟ್ಟು ಬಗ್ಗಿ ನೋಡಿದ.

"ಏನೂ ಕಾಣ್ತಿಲ್ವಲ್ಲ ಅಜ್ಜಿ."

"ಕಣ್ಣಲ್ಲಿ ನೋಡ್ಬೇಡ. ಮಣೆ ಮೇಲೆ ಯಾರೂ ಕಣ್ಣಿಟ್ಟು ಕೂರಲ್ಲ."

ಅವನು ನಕ್ಕ. ಯಜಮಾನರು ನಗಲಿಲ್ಲ. "ಅಷ್ಟನ್ನ ಕೈಯಲ್ಲಿ ಉಜ್ಕೋಬೋದು ಬಿಡು" ಎಂದರು. ಯಾರ ಕೈಯಲ್ಲಿ ಎಂದು ಅವರು ಹೇಳಲಿಲ್ಲ. ನಾನು ಹುಡುಗನ ಕಡೆ ತಿರುಗಿ, "ಇದರ ಕಾಗದ ಸವೆದ್ರೆ ಬದಲಾಯ್ಸೋದು ಹೆಂಗೆ, ಮಾಡಿ ತೋರ್ಸು" ಎಂದೆ. ಲಟ್ಟಣಿಗೆಯ ತುದಿಯಲ್ಲಿ, ಬೆರಳು ಹೋಗದ ಜಾಗದಲ್ಲಿ ಒಂದು ಕ್ಲಿಪ್ಪು. ಅದನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಕಾಗದದ ತುದಿ ತೂರಿಸಬೇಕು. ಅವನೇ ಮೂರು ಸಲ ತಪ್ಪಿಸಿಕೊಂಡ, ನಾಲ್ಕನೆಯ ಸಲ ಉಗುರಿನ ಪಕ್ಕ ರಕ್ತ ಬಂತು.

"ನಿಂಗ್ಯಾಕೆ ಅದು, ಶೇಖರ ಹಾಕ್ತಾನೆ" ಎಂದರು ಯಜಮಾನರು.

ಶೇಖರ ಹಾಕುವುದಿಲ್ಲ. ಸವೆದ ಕಾಗದದಲ್ಲೇ ಹಲಗೆ ಓಡಿಸಿ ಸುಡಿಸುತ್ತಾನೆ, ಆಮೇಲೆ "ಅಮ್ಮಾ" ಎಂದು ಕರೆಯುತ್ತಾನೆ. ಅವನನ್ನು ಹೆತ್ತವಳು ನಾನು.

ಮೂರನೆಯದು ಮೂಲೆಯಲ್ಲಿ ಧೂಳು ಹೊತ್ತು ನಿಂತಿತ್ತು. ಹಸಿರು ಬಣ್ಣ, ಅಗಲ ಕಡಿಮೆ, ತೂಕ ಜಾಸ್ತಿ, ಅಂಕಿ ಗಿಂಕಿ ಏನೂ ಮಿನುಗುವುದಿಲ್ಲ. ಪಟ್ಟಿಯನ್ನು ಆಮೆಯ ಹಾಗೆ ಓಡಿಸಲು ಒಂದು ತಿರುಪು ಇತ್ತು. ದಪ್ಪ ಮರಳಿನ ಕಾಗದ ಹಾಕಿಸಿ, ನಿಧಾನಕ್ಕೆ ಓಡಿಸಿ ಹಲಸು ಕೊಟ್ಟೆ. ಸುಡಲಿಲ್ಲ. ಆಮೇಲೆ ಸಣ್ಣ ಮರಳಿನದು ಹಾಕಿಸಿದೆ. ಹತ್ತಿ ಈ ತುದಿಯಿಂದ ಆ ತುದಿಗೆ ಹೋಯಿತು. ಕಾಗದವನ್ನು ಅಂಟಿಸಿದ್ದು ಮಕ್ಕಳ ಸ್ಕೂಲ್ ಬೂಟಿಗೆ ಇರುತ್ತದಲ್ಲ, ಪರ್ ಎಂದು ಕಿತ್ತುಕೊಳ್ಳುವ ಪಟ್ಟಿ, ಅಂಥದರಿಂದ. ಎಡಗೈಯಲ್ಲಿ ಎಳೆದೆ, ಬಂತು. ಸುತ್ತಿ ಒತ್ತಿದೆ, ಕೂತಿತು. ಹೆಬ್ಬೆರಳನ್ನು ಕೇಳಲೇ ಇಲ್ಲ.

"ಇದೇ" ಎಂದೆ.

"ಚಿಕ್ಕದು ಕಣೆ. ಮಂಟಪದ ಹಲಗೆ ಹಿಡಿಯಲ್ಲ."

"ಎರಡು ಹಲಗೆ ಬೇರೆ ಬೇರೆ ಉಜ್ಜಿ, ಆಮೇಲೆ ಅಂಟ್ಸಿ."

ಐವತ್ತು ವರ್ಷದಿಂದ ಮರಗೆಲಸ ಮಾಡುವ ಮನುಷ್ಯ. ಟೇಪು ತೆಗೆದು ಆ ಹಸಿರು ಮಿಷಿನ್ನಿನ ಅಗಲ ಅಳೆಯತೊಡಗಿದರು. ಆ ಅಂಗಡಿಯ ಹುಡುಗ ನನ್ನ ಕಡೆ ತಿರುಗಿ, "ಇದೇ ಪ್ಯಾಕ್ ಮಾಡ್ಸಲಾ ಮೇಡಂ?" ಎಂದ. ಹಲಗೆ ಇಟ್ಟುಕೊಂಡು ಒಳಗೆ ಬಂದಾಗ ಅಜ್ಜಿ, ಹೊರಗೆ ಹೋಗುವಾಗ ಮೇಡಂ.

ಧೂಳು ಎಳೆಯುವ ಚೀಲವನ್ನೂ ಹಟ ಮಾಡಿ ಹಾಕಿಸಿದೆ. "ಧೂಳು ಹೊರಗೋಗುತ್ತೆ ಬಿಡು" ಎಂದಿದ್ದರು ಯಜಮಾನರು. ಅವರ ಹೊರಗೆ ಎಂದರೆ ನನ್ನ ಅಡುಗೆಮನೆ. ಕಾಗದವನ್ನು ಮಾತ್ರ ಇನ್ನೊಂದು ಸುತ್ತು ತೆಗೆದುಕೊಳ್ಳೋಣ ಎಂದರೆ, "ಹಾಕಿರೋದೇ ಮೂರು ತಿಂಗಳು ಬರುತ್ತಂತೆ, ನಡಿ" ಎಂದು ಹೊರಟೇಬಿಟ್ಟರು. ಅಲ್ಲಿ ನಾನು ಸುಮ್ಮನಾದೆ. ಒಂದೇ ಒಂದು ಮಾತಿಗೆ ಸುಮ್ಮನಾದೆ, ನೋಡಿ ಏನಾಯಿತು.

ಶನಿವಾರ ಬೆಳಿಗ್ಗೆ ಮಿಷಿನ್ನು ಶೆಡ್ಡಿನಲ್ಲಿ ಕೂತಿತು. ನಮ್ಮವರಲ್ಲಿ ಹೊಸ ಉಪಕರಣ ಬಂದರೆ ಪೂಜೆ ಮಾಡದೆ ಕೆಲಸಕ್ಕೆ ಹಚ್ಚುವುದಿಲ್ಲ. ಅರಿಶಿನ ಕುಂಕುಮವನ್ನು ಕೆಲಸ ಮಾಡುವ ಬಾಯಿಗೇ ಇಡಬೇಕು. ಗರಗಸವಾದರೆ ಹಲ್ಲಿಗೆ, ಉಳಿಯಾದರೆ ಅಲಗಿಗೆ. ನಮ್ಮಪ್ಪ ಹಾಗೇ ಮಾಡುತ್ತಿದ್ದರು. ನಾನು ಕುಂಕುಮವನ್ನು ನೀರಲ್ಲಿ ಕಲಸಿ, ಆ ಲಟ್ಟಣಿಗೆಯ ಮೈಗೆ, ಉಪ್ಪುಕಾಗದದ ಮೇಲೆಯೇ, ದಪ್ಪದಪ್ಪನಾಗಿ ಇಟ್ಟೆ. ನನ್ನ ಕೈಗೆ ಬಿಡುವು ಕೊಡಲು ಬಂದ ಮಿಷಿನ್ನು ಎಂದು ಧಾರಾಳವಾಗಿಯೇ ಇಟ್ಟೆ. ಯಜಮಾನರು ಗಂಟೆ ಬಾರಿಸಿದರು. ಶೇಖರ ಫೋಟೋ ತೆಗೆದ. ಮೂರು ಜನ ಇದ್ದೆವು, ಒಬ್ಬರಿಗೂ ಹೊಳೆಯಲಿಲ್ಲ. ಕಬ್ಬಿಣವಾದರೆ ಒರೆಸಿದರೆ ಹೋಗುತ್ತದೆ. ಉಪ್ಪುಕಾಗದ ಕುಂಕುಮ ಕುಡಿಯುತ್ತದೆ ಎಂದು ಅರವತ್ತು ವರ್ಷ ಅದನ್ನು ಹಿಡಿದವಳಿಗೆ ಗೊತ್ತಿರಬೇಕಿತ್ತು. ಬುದ್ಧಿ ಆರತಿ ತಟ್ಟೆಯಲ್ಲಿತ್ತು.

ಮೊದಲ ಹಲಗೆ ಅಲ್ಲಾಳಸಂದ್ರದ ಒಂದು ಮದುವೆ ಮನೆಯದು. ಸೋಮವಾರ ಧಾರೆ, ಮದುಮಗಳನ್ನು ಕೂರಿಸುವ ಮಣೆ, ಭಾನುವಾರ ಸಂಜೆ ಒಯ್ಯಲು ಬರುತ್ತಾರೆ. ಹಲಗೆ ಒಳಗೆ ಹೋಗುವಾಗ ಹಳದಿ ಇತ್ತು. ಹೊರಗೆ ಬರುವಾಗ ಗುಲಾಬಿ ಪಟ್ಟೆ. ಶೇಖರ ಹೆದರಿ ಇನ್ನೊಂದು ಸಲ ಹಾಕಿದ. ಪಟ್ಟೆ ಹೋಗಿ ಇಡೀ ಮಣೆಯೇ ಕೆಂಪಾಯಿತು. ಮುಟ್ಟಿದರೆ ಬೆರಳಿಗೆ ಬಣ್ಣ. ಧಾರೆಯ ಬಿಳೀ ಸೀರೆ ಉಟ್ಟು ಅದರ ಮೇಲೆ ಕೂತು ಏಳುವ ಹುಡುಗಿಯನ್ನು ನೆನೆದು ನನಗೆ ಬೆವರು ಬಂತು.

"ಮಣೆಗೇ ನಾಚ್ಕೆ ಬಂದಂಗೈತೆ" ಎಂದು ಯಜಮಾನರು ನಕ್ಕರು.

ಮಿಷಿನ್ನಿಗೆ ಹಾಕಲು ಬೇರೆ ಕಾಗದವಿಲ್ಲ. ಅಂಗಡಿಗೆ ಫೋನು ಮಾಡಿದರೆ ಮಂಗಳವಾರ ಎಂದರು. ಯಜಮಾನರ ನಗು ನಿಂತಿತು. ಆಮೇಲೆ ಏನು ಮಾಡಿದರು ಗೊತ್ತೇ? ಗೋಡೆಯ ಗೂಡಿಗೆ ಕೈಹಾಕಿ ಹಳೇ ಉಪ್ಪುಕಾಗದ ತೆಗೆದರು, ಅಂಗೈ ಅಗಲಕ್ಕೆ ಹರಿದರು, ಮಡಿಚಿದರು, ನನ್ನ ಕಡೆ ಚಾಚಿದರು. ಮುಖವನ್ನೂ ನೋಡಲಿಲ್ಲ. ನಲವತ್ತೈದು ವರ್ಷ ಚಾಚಿದ ಹಾಗೆಯೇ ಚಾಚಿದರು.

ನನ್ನ ಕೈಯೂ ಅರ್ಧ ಮುಂದೆ ಹೋಯಿತು. ಅದಕ್ಕೇ ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು.

"ಡಾಕ್ಟರಮ್ಮ ಏನಂದ್ರು, ನೆನಪೈತಾ?"

"ಒಂದು ಮಣೆ ತಾನೆ ಕಣೆ. ಕುಂಕುಮ ಇಟ್ಟೋಳು ನೀನೇ."

"ಇಟ್ಟಿದ್ದು ನಾನೇ, ಇಲ್ಲ ಅನ್ನಲ್ಲ. ಅರ್ಧ ದಿನ ಬೈರಿ, ಕೇಳ್ಕೋತೀನಿ. ಉಜ್ಜಲ್ಲ."

"ಮತ್ತೆ ಯಾರು ಉಜ್ಜೋದು?"

"ನೀವು. ಉಜ್ಜೋದು ತಾನೆ. ಅದ್ರಲ್ಲೇನೈತೆ."

ಶೇಖರ ಪೇಟೆಗೆ ಕೆಲಸವಿದೆ ಎಂದು ಸ್ಕೂಟರ್ ಹತ್ತಿದ. ಯಜಮಾನರು ಪಂಚೆ ಎತ್ತಿ ಕಟ್ಟಿ ನೆಲಕ್ಕೆ ಕೂತರು. ಕೂತು ಅಡ್ಡಡ್ಡ ಉಜ್ಜತೊಡಗಿದರು. "ಎಳೆ ನೋಡಿ ಉಜ್ಜಿ, ಅಡ್ಡ ಉಜ್ಜಿದ್ರೆ ಗೀರು ಬೀಳುತ್ತೆ" ಎಂದೆ. ಆಚಾರ್ರಿಗೆ ಅದನ್ನು ನಾನು ಹೇಳಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ, "ಆಯ್ತು ನೋಡು" ಎಂದರು. ಹತ್ತಿ ಎಳೆದೆ. ನಾಲ್ಕು ಕಡೆ ಸಿಕ್ಕಿಕೊಂಡಿತು. "ಇನ್ನೊಂದ್ ಸಲ" ಎಂದೆ. ಸಂಜೆಗೆ ಕುಂಕುಮದ ಕೆಂಪು ಪೂರ್ತಿ ಹೋಗಿತ್ತು, ಹತ್ತಿ ಮಾತ್ರ ಎರಡು ಕಡೆ ಹಿಡಿಯಿತು. ಭಾನುವಾರ ಬೆಳಿಗ್ಗೆಯೂ ಎರಡು ಕಡೆ. ನಾನು ಬಾಗಿಲ ಹೊಸಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆ, ಎಡಗೈಯಲ್ಲಿ.

ಕಾಫಿ ಕೊಟ್ಟರೆ ಲೋಟ ಹಿಡಿಯಲು ಅವರಿಗೆ ಆಗಲಿಲ್ಲ, ಎರಡೂ ಕೈಯಲ್ಲಿ ಹಿಡಿದರು.

"ಬೆರಳೆಲ್ಲ ಮರಗಟ್ಟೈತೆ ಕಣೆ."

"ಗೊತ್ತು" ಎಂದೆ.

ಭಾನುವಾರ ಸಂಜೆ ಮದುವೆ ಮನೆಯವರು ಬಂದರು. ಹುಡುಗಿಯ ಚಿಕ್ಕಪ್ಪ, ಹೊರಗೆ ಕಾರು ನಿಲ್ಲಿಸಿ ಅವಸರದಲ್ಲೇ ಒಳಗೆ ಬಂದರು. ಮಣೆಯ ಮೇಲೆ ಅಂಗೈ ಆಡಿಸಿದರು.

"ಎಷ್ಟ್ ನುಣ್ಣಗಿದೆ ಆಚಾರ್ರೇ. ಓ, ಮಿಷಿನ್ ತಂದಿದೀರ. ಇದ್ರಲ್ಲೇ ಉಜ್ಜಿದ್ದಾ?"

"ಮಿಷಿನ್ನಾ?" ಎಂದರು ಯಜಮಾನರು. "ಮಿಷಿನ್ನಲ್ಲಿ ಈ ನುಣುಪು ಎಲ್ಲಿ ಬರುತ್ತೆ ಸಾಮಿ. ಕೈಯಲ್ಲಿ ಉಜ್ಜಿರೋದು. ಇದೇ ಕೈ. ಒಂದೂವರೆ ದಿನ ಕೂತು ಉಜ್ಜಿದೀನಿ. ಬೇಕಾದ್ರೆ ನೋಡಿ."

ಅಂಗೈ ಬಿಚ್ಚಿ ತೋರಿಸಿದರು. ಎರಡು ಬೊಬ್ಬೆ ಎದ್ದಿದ್ದವು. ಆ ಚಿಕ್ಕಪ್ಪ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, "ಇಂಥ ಕೈಗಳು ಈಗೆಲ್ಲಿ ಸಿಗ್ತವೆ ಆಚಾರ್ರೇ" ಎಂದರು. ಯಜಮಾನರು ತಲೆ ತಗ್ಗಿಸಿ, "ಎಲ್ಲಾ ಆ ಕಾಳಮ್ಮನ ದಯೆ" ಎಂದರು. ನಲವತ್ತೈದು ವರ್ಷ ಕೈ ಎಂಬ ಮಾತು ಅವರ ಬಾಯಲ್ಲಿ ಬಂದಿರಲಿಲ್ಲ. ಒಂದೂವರೆ ದಿನಕ್ಕೆ ಬಂತು.

ನಾನು ಸೊಂಟದ ಗಂಟು ಬಿಚ್ಚಿ ಹತ್ತಿ ತೆಗೆದೆ. ಅವರ ನಡುವೆ ಹೋಗಿ ಬಗ್ಗಿ ಮಣೆಯ ಮೇಲೆ ಎಳೆದೆ. ಉದ್ದಕ್ಕೂ ಹೋಯಿತು, ಎಡಗಡೆ ಮೂಲೆಗೆ ಬಂದಾಗ ನಿಂತಿತು. ಒಂದು ಎಳೆ ಮರಕ್ಕೇ ಅಂಟಿಕೊಂಡಿತು.

"ನೀವು ಐದ್ ನಿಮಿಷ ಕೂತ್ಕೊಳಿ ಸಾಮಿ, ಕಾಫಿ ತರ್ತೀನಿ" ಎಂದು ಅವರಿಗೆ ಹೇಳಿದೆ. ಆವತ್ತು ಬೆಳಿಗ್ಗೆ ಅಕ್ಕಿ ಡಬ್ಬದಲ್ಲಿ ಸಿಕ್ಕ ಉಪ್ಪುಕಾಗದ ಗಂಟಿನಲ್ಲೇ ಇತ್ತು. ಅದನ್ನು ಮಡಿಚಿ, ಇನ್ನೂ ಬಿಚ್ಚಿಕೊಂಡೇ ಇದ್ದ ಯಜಮಾನರ ಅಂಗೈಯಲ್ಲಿ ಇಟ್ಟೆ.

"ಹತ್ತಿ ಹಿಡೀತು. ಇನ್ನೊಂದ್ ಸಲ."